ಪ್ರೂಟ್ ಕಡೆಗೆ ಹನ್ನೊಂದು ಜನ

ಅಕ್ಟೋಬರ್ ೧೪, ಬುಧವಾರ

ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯಾಗಲು ಹೊರಟಿರುವ ಸೆನೆಟರ್ ಕಾರ್ಮೊಡಿ ಬೆಳಿಗ್ಗೆ ಕೆಫೆಗೆ ಬಂದಿದ್ದರು. ಟಿ.ವಿ.ಯಲ್ಲಿ ಕಾಣುವುದಕ್ಕಿಂತ ಎತ್ತರದ ಆಳು, ದಣಿದಿದ್ದರು. ಸೇಬಿನ ಪೈ ತರಿಸಿಕೊಂಡು ಎರಡು ತುತ್ತು ತಿಂದು, ಫೋಟೊ ತೆಗೆದಾದ ಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಮ್ಮ ಮೇಜಿಗೆ ಬಂದು ಈ ಸಲ ಮೆಕ್ಕೆಜೋಳ ಹೇಗೆ ಬಂದಿದೆ ಎಂದು ಕೇಳಿದರು. ಗೆಳೆಯ ಮರ್ವ್ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಪಕ್ಕದ ಮೇಜಿಗೆ ಹೋಗಿತ್ತು.

ನಿವೃತ್ತನಾಗುವವರೆಗೂ ಈ ಕೌಂಟಿಯ ತಕ್ಕಡಿಗಳನ್ನು ಪರೀಕ್ಷಿಸಿಕೊಂಡು ಬಂದವನು ನಾನು. ಧಾನ್ಯದ ಗೋದಾಮಿನ ದೊಡ್ಡ ಕಾಟಾದಿಂದ ಮಾಂಸದಂಗಡಿಯ ತಕ್ಕಡಿಯವರೆಗೆ. ಬಟ್ಟು ಇಡುವ ಮೊದಲು ಖಾಲಿ ತಕ್ಕಡಿ ಸೊನ್ನೆಗೆ ನಿಲ್ಲುತ್ತದೆಯೇ ಎಂದು ನೋಡಬೇಕು. ಅಭ್ಯರ್ಥಿಗಳಿಗೂ ನನ್ನದು ಅಂಥದೇ ಒಂದು ಪರೀಕ್ಷೆ: ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾರೆಯೇ? ಸೆನೆಟರ್ ಕಾಯಲಿಲ್ಲ.

"ಹಂಗಾದ್ರೆ ಇವನು ಫೇಲು?" ಎಂದ ಮರ್ವ್.

"ಇನ್ನೊಂದ್ಸಲ ನೋಡ್ಬೇಕು. ಒಂದೇ ಸಲ ತೂಗಿ ತೀರ್ಮಾನ ಮಾಡಕ್ಕಾಗಲ್ಲ."

"ಆರ್ಲಿಸ್‌ನ ಮದ್ವೆ ಆಗೋವಾಗ್ಲೂ ಹಿಂಗೇ ಎರಡೆರಡು ಸಲ ತೂಗಿದ್ಯೇನಯ್ಯಾ ಲೊವೆಲ್?"

ಮೇಜಿನವರೆಲ್ಲ ನಕ್ಕರು. ಸೆನೆಟರ್ ಜೊತೆ ಪೂರ್ವದ ರಾಜ್ಯಗಳ ಕಡೆಯಿಂದ ಬಂದಿದ್ದ ಪತ್ರಕರ್ತೆಯೊಬ್ಬಳು, "ನಿಮ್ಮೂರಲ್ಲಿ ಯಾರನ್ನ ಕೇಳಿದ್ರೂ ಯಾರ ಕಡೆ ಅಂತ ಬಾಯೇ ಬಿಡಲ್ವಲ್ಲ, ಯಾಕೆ?" ಎಂದಳು. ಮರ್ವ್ ಹೇಳಿದ: "ನೋಡಮ್ಮಾ, ನಿಮ್ಮ ಕಡೆ ಪರದೆ ಹಿಂದೆ ಹೋಗಿ ಚೀಟಿ ಹಾಕಿ ಬರ್ತೀರಿ. ನಾವು ಅಯೋವಾದವ್ರು ಪಕ್ಷದ ಅಭ್ಯರ್ಥಿನ ಆರಿಸೋಕೆ ಸ್ಕೂಲಿನ ಜಿಮ್ಮಲ್ಲಿ ಅಕ್ಕಪಕ್ಕದ ಮನೆಯವ್ರ ಎದುರಿಗೇ ಒಂದೊಂದು ಮೂಲೆಗೆ ಹೋಗಿ ನಿಂತ್ಕೋಬೇಕು. ನಾನು ಇವನ ಕಡೆ ಅಂತ ಇಡೀ ಮೈಯಿಂದ ತೋರಿಸ್ಬೇಕು. ಇನ್ನು ಬಾಯಿ ಬೇರೆ ಬಿಡ್ಬೇಕಾ?"

ಸರಿಯಾಗಿಯೇ ಹೇಳಿದ.

ಅಕ್ಟೋಬರ್ ೨೯, ಗುರುವಾರ

ಆಸ್ಪತ್ರೆಯ ಪಾಳಿ ಮುಗಿಸಿದ ಆರ್ಲಿಸ್ ನೇರ ಮನೆಗೆ ಬರದೆ ಕೋರ್ಟ್‌ಹೌಸ್‌ಗೆ ಹೋಗಿ ವೆಂಡೆಲ್ ಪ್ರೂಟ್ ಎಂಬ ಇನ್ನೊಬ್ಬ ಅಭ್ಯರ್ಥಿಯ ಮಾತು ಕೇಳಿ ಬಂದಳು. ಮೊಂಟಾನಾದ ಯಾವುದೋ ಗಣಿ ಊರಿಗೆ ಮೇಯರ್ ಆಗಿದ್ದವರು. ಸಮೀಕ್ಷೆಗಳಲ್ಲಿ ಅವರ ಹೆಸರು ಕೊನೆಯ ಸಾಲಿನಲ್ಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ.

"ಎಷ್ಟು ಜನ ಇದ್ರು?" ಎಂದೆ.

"ಒಂಬತ್ತು. ಡ್ರೈವರ್ ಸೇರಿ."

"ಅವನ ಡ್ರೈವರ್ರಾ?"

"ಹ್ಞೂಂ."

ಇಬ್ಬರೂ ನಕ್ಕೆವು. ಆಮೇಲೆ ಅವಳು ಪ್ರೂಟ್ ತಮ್ಮ ಊರಿನ ಆಸ್ಪತ್ರೆಯನ್ನು ಹೇಗೆ ಉಳಿಸಿಕೊಂಡರು ಎಂದು ಹೇಳತೊಡಗಿದಳು. ಇಲ್ಲಿ ಹೆರಿಗೆ ವಾರ್ಡು ಹೋದ ವರ್ಷ ಮುಚ್ಚಿತು. ಉಳಿದದ್ದೂ ಮುಚ್ಚುತ್ತದೆಂಬ ಮಾತಿದೆ. ಆ ವಾರ್ಡಿನಲ್ಲಿ ಅವಳು ಎಷ್ಟು ಮಕ್ಕಳನ್ನು ಕೈಗೆತ್ತಿಕೊಂಡಿದ್ದಾಳೋ, ಅಂಗಡಿಗೆ ಹೋದರೆ ಅರ್ಧ ಊರು ಅವಳನ್ನು ಮಾತಾಡಿಸುತ್ತದೆ. ಆರೂವರೆಯ ಸುದ್ದಿ ಶುರುವಾಯಿತು. ಮತ್ತೊಬ್ಬ ಅಭ್ಯರ್ಥಿ ಗವರ್ನರ್ ವಿನ್‌ಸ್ಲೇಡ್ ಬಗ್ಗೆ ವರದಿಯಿತ್ತು. ಸುದ್ದಿ ಮುಗಿಯುವಷ್ಟರಲ್ಲಿ ಅವಳು ತಟ್ಟೆ ತೊಳೆಯಲು ಎದ್ದಿದ್ದಳು.

ನವೆಂಬರ್ ೧೭, ಮಂಗಳವಾರ

ಗವರ್ನರ್ ವಿನ್‌ಸ್ಲೇಡ್, ಲುಥೆರನ್ ಚರ್ಚಿನ ನೆಲಮಾಳಿಗೆಯಲ್ಲಿ. ಮರ್ವ್ ಈಗ ಅವರ ಪಡೆಯ ಮುಂದಾಳು, ಎದೆಗೆ ಬಿಲ್ಲೆ ಚುಚ್ಚಿಕೊಂಡಿದ್ದಾನೆ. ಗವರ್ನರ್ ಒಳ್ಳೆಯ ಮಾತುಗಾರರು. ಅಂಕಿಅಂಶ ಸರಿಯಾಗಿತ್ತು, ಎಥನಾಲ್ ಬಗ್ಗೆ ಹೇಳಿದ್ದರಲ್ಲಿ ಒಂದೇ ತಪ್ಪು. ಹೊರಡುವಾಗ ಕೈಕುಲುಕಿ, ಕೈ ಬಿಡದೆ, "ಲೊವೆಲ್, ಆ ಮೊಣಕಾಲು ಹೇಗಿದೆ ಈಗ?" ಎಂದರು. ನಾನು ಹೇಳಿದೆ. ಮೆಟ್ಟಿಲು ಇಳಿಯುವಾಗ ಮಾತ್ರ ನೋವು, ಹತ್ತುವಾಗ ಇಲ್ಲ ಎಂದು. ಪೂರ್ತಿ ಕೇಳಿಸಿಕೊಂಡರು. ಹಿಂದಿನಿಂದ ಯಾರೋ ಎಳೆಯುತ್ತಿದ್ದರೂ ನಿಂತರು.

ನನ್ನ ಮೊಣಕಾಲಿನ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ತಿಳಿಯದು. ಇಂಥ ಸಣ್ಣ ಸಂಗತಿ ನೆನಪಿಟ್ಟುಕೊಳ್ಳುವವನು ದೊಡ್ಡದನ್ನೂ ಇಟ್ಟುಕೊಂಡಾನು.

ಡಿಸೆಂಬರ್ ೫, ಶನಿವಾರ

ಪ್ರೂಟ್ ಇವತ್ತು ನಮ್ಮ ಮನೆಗೇ ಬಂದಿದ್ದರು. ಆರ್ಲಿಸ್ ಕರೆದಿದ್ದಳು. ನೆರೆಯ ಹೆಂಗಸರು, ಆಸ್ಪತ್ರೆಯ ಕೆಲವರು, ನಿವೃತ್ತ ಪಾದ್ರಿ. ಎಲ್ಲರೂ ಸೋಫಾದಲ್ಲಿ, ಮಡಚುವ ಕುರ್ಚಿಗಳಲ್ಲಿ, ಮೊಣಕಾಲ ಮೇಲೆ ತಟ್ಟೆ ಇಟ್ಟುಕೊಂಡು.

ಅನಿಸಿಕೆಗಳು. ಕುಳ್ಳು, ಬೋಳು ತಲೆ. ಕೋಟಿನ ತೋಳು ಉದ್ದವಾಯಿತು. ವಿಪರೀತ ನೆಗಡಿ. ಒಂದು ಮಾತಿಗೆ ಮೂರು ಸಲ ಮೂಗು ಒರೆಸಿಕೊಂಡರು. ಭಾಷಣ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಮನುಷ್ಯ. ಮುಗಿಯಿತು ಅನ್ನಿಸಿದಾಗಲೆಲ್ಲ "ಇನ್ನೊಂದು ಮಾತು" ಎಂದು ಮತ್ತೆ ಶುರು ಮಾಡುತ್ತಿದ್ದರು. ಗೆಲ್ಲುವವರಲ್ಲ.

ಕೊನೆಗೆ ಎಲ್ಲರೂ ಹೊರಟ ಮೇಲೂ ಅವರು ಹೊರಡಲಿಲ್ಲ. ಅಡುಗೆಮನೆಯಲ್ಲಿ ಆರ್ಲಿಸ್ ತೊಳೆದ ಲೋಟಗಳನ್ನು ಬಟ್ಟೆಯಿಂದ ಒರೆಸುತ್ತ ನಿಂತಿದ್ದರು. ಹಜಾರದಿಂದ ಅವರ ಮಾತು ಕೇಳಿಸುತ್ತಿತ್ತು.

"ನಿಮ್ಮ ಕೈಲಿ ಬಿಟ್ಟಿದ್ರೆ ಆ ವಾರ್ಡನ್ನ ನೀವು ಹೆಂಗೆ ನಡೆಸ್ತಿದ್ರಿ?"

ಆರ್ಲಿಸ್ ನಲ್ಲಿ ನಿಲ್ಲಿಸಿದಳು. "ನನ್ನನ್ನ ಯಾರೂ ಕೇಳಿಲ್ಲ ಅದನ್ನ," ಎಂದಳು.

"ನಾನು ಕೇಳ್ತಿದೀನಲ್ಲ."

ಆಮೇಲೆ ಅವಳು ಹೇಳತೊಡಗಿದಳು. ಹೊರಗೆ ಕಾರಿನಲ್ಲಿ ಡ್ರೈವರ್ ಹಾರ್ನ್ ಒತ್ತಿದ. ನಾನು ಕುರ್ಚಿಗಳನ್ನು ಮಡಚಿ ಚರ್ಚಿಗೆ ಹಿಂತಿರುಗಿಸಲು ಹೋದೆ. ಬರುವಷ್ಟರಲ್ಲಿ ಅವರು ಹೋಗಿದ್ದರು. ಒಗೆಯುವ ಬಟ್ಟೆಯಲ್ಲಿ ಅವರ ಕರವಸ್ತ್ರವೊಂದು ಉಳಿದಿತ್ತು.

ಡಿಸೆಂಬರ್ ೨೬, ಶನಿವಾರ

ಹಿಮ. ಹಬ್ಬಕ್ಕೆ ಯಾರೂ ಬರಲಾಗಲಿಲ್ಲ. ಆರ್ಲಿಸ್ ನಮ್ಮ ಬಡಾವಣೆಯಲ್ಲಿ ಪ್ರೂಟ್ ಪಡೆಯ ಮುಂದಾಳಾಗಲು ಒಪ್ಪಿಕೊಂಡಿದ್ದಾಳೆ. ಜಿಮ್ಮಿನ ಸಭೆಯಲ್ಲಿ ಎದ್ದು ಒಂದು ನಿಮಿಷ ಮಾತಾಡಬೇಕಾಗುತ್ತದೆ. ಇವಳು ಚರ್ಚಿನಲ್ಲಿ ಬೈಬಲ್ ಪಾಠ ಓದಲೂ ಎದ್ದವಳಲ್ಲ.

ಜನವರಿ ೯, ಶನಿವಾರ

ಸಂಜೆ ಫೋನ್ ಬಂತು. ಹೆಣ್ಣುದನಿ, "ಗವರ್ನರ್ ಮಾತಾಡ್ತಾರೆ, ಸ್ವಲ್ಪ ಇರಿ," ಎಂದಿತು. ತಮಾಷೆ ಎಂದುಕೊಂಡೆ. ಅವರೇ ಬಂದರು. ಮೊಣಕಾಲು ಕೇಳಿದರು. ನಂತರ, "ಲೊವೆಲ್, ನಿಮ್ಮಂಥ ನ್ಯಾಯವಾಗಿ ತೂಗೋ ಮನುಷ್ಯ ನನ್ನ ಮೂಲೇಲಿ ನಿಂತ್ರೆ ನನಗೆ ಅದೇ ದೊಡ್ಡದು. ನಿಲ್ತೀರಾ?" ಎಂದರು.

ನಾನು ಇಲ್ಲ ಎನ್ನಲಿಲ್ಲ. ಫೋನಿನಲ್ಲಿ ಮನುಷ್ಯ ಕಾಯುತ್ತಿರುವಾಗ ಏನು ಹೇಳುವುದು? "ನಿಲ್ತೀನಿ," ಎಂದೆ. ಮಾತು ಮಾತೇ.

ಆರ್ಲಿಸ್ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೇಲೆ ಬಂದಾಗ ಯಾರ ಫೋನು ಎಂದು ಕೇಳಿದಳು. ಪ್ರಚಾರದವರದು ಎಂದೆ. ಅಷ್ಟೇ. ನಮ್ಮಿಬ್ಬರಲ್ಲಿ ನೀನು ಯಾರ ಕಡೆ ಎಂದು ಕೇಳುವ ಪದ್ಧತಿಯಿಲ್ಲ. ಮದುವೆಯಾದಾಗಿನಿಂದ ಪ್ರತಿ ಸಲ ಜಿಮ್ಮಿಗೆ ಹೋದಾಗಲೂ ಒಂದೇ ಮೂಲೆಯಲ್ಲಿ ಪಕ್ಕಪಕ್ಕದಲ್ಲಿ ನಿಂತಿರುತ್ತಿದ್ದೆವು. ಕೇಳುವ ಅಗತ್ಯ ಬಿದ್ದಿರಲಿಲ್ಲ.

ಜನವರಿ ೩೧, ಭಾನುವಾರ

ಆರ್ಲಿಸ್ ಅಡುಗೆಮನೆಯ ಮೇಜಿನ ಮೇಲೆ ಲೋಟಗಳನ್ನು ಸಾಲಾಗಿ ಇಡುತ್ತಿದ್ದಳು. ಒಂದೊಂದು ಲೋಟ ಒಬ್ಬೊಬ್ಬರು.

"ಬಂದವ್ರಲ್ಲಿ ನೂರಕ್ಕೆ ಹದಿನೈದು ಜನ ಒಂದು ಮೂಲೇಲಿ ಇರ್ಬೇಕು, ಇಲ್ದಿದ್ರೆ ಆ ಮೂಲೆ ಮುರಿದು ಹೋಗತ್ತೆ, ಅವ್ರು ಬೇರೆ ಮೂಲೆಗೆ ಸೇರ್ಬೇಕು. ಹೋದ ಸಲದಷ್ಟೇ ಜನ ಬಂದ್ರೆ ನಮಗೆ ಹನ್ನೆರಡು ಸಾಕು," ಎಂದಳು. "ನನ್ ಹತ್ರ ಹನ್ನೆರಡು ಇದಾರೆ."

"ಯಾರ್‍ಯಾರು ಹೇಳು."

ಲೋಟ ಮುಟ್ಟಿ ಮುಟ್ಟಿ ಹೇಳಿದಳು. ಪಾದ್ರಿ, ಪಾದ್ರಿಯ ಹೆಂಡತಿ, ಆಸ್ಪತ್ರೆಯ ನಾಲ್ವರು, ಎದುರುಮನೆಯ ಅಕ್ಕತಂಗಿಯರು, ಗ್ರಂಥಾಲಯದವಳು, ಹಾಲಿನ ಟ್ರಕ್ಕಿನ ಹುಡುಗ, ತಾನು.

"ಹನ್ನೊಂದಾಯ್ತು."

ಅವಳು ನಕ್ಕಳು. ಹನ್ನೆರಡನೆಯದಾಗಿ ನನ್ನ ಲೋಟವನ್ನೇ ಇಟ್ಟಿದ್ದಳು, ಅಂಚು ಒಡೆದ ನೀಲಿಯದು. ಬೇರೆ ಲೋಟ ಸಾಲಲಿಲ್ಲ ಅಂತ ಕಾಣುತ್ತದೆ. ನಾನು ಅದನ್ನು ತೆಗೆದುಕೊಂಡು ಕಾಫಿ ಬಗ್ಗಿಸಿಕೊಂಡೆ.

"ಬಾಯಿ ಬಿಟ್ಟು ಹೇಳದವ್ರನ್ನ ಲೆಕ್ಕಕ್ಕೆ ಹಿಡೀಬೇಡ," ಎಂದು ಬುದ್ಧಿ ಹೇಳಿದೆ. ಕೆಲಸದ ದಿನಗಳ ಅನುಭವದ ಮಾತು. ಅವಳು ಖಾಲಿಯಾದ ಜಾಗವನ್ನು ನೋಡಿದಳು. ಒಲೆಯಲ್ಲಿ ಬ್ರೆಡ್ ಇದೆ ಎಂದು ಎದ್ದು ಹೋದಳು. ಲೆಕ್ಕದಲ್ಲಿ ಅವಳು ಎಂದೂ ಗಟ್ಟಿಯಲ್ಲ.

ಫೆಬ್ರವರಿ ೮, ಸೋಮವಾರ

ನಿದ್ದೆ ಬರುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಜಿಮ್ಮಿನೊಳಗೆ ಒದ್ದೆ ಬೂಟಿನ ವಾಸನೆ. ಬಾಗಿಲಲ್ಲಿ ನಾನು ಆರ್ಲಿಸ್‌ಳ ಕೋಟು ತೆಗೆದುಕೊಂಡು ಗೂಟಕ್ಕೆ ಹಾಕಿದೆ. ಅವಳು ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗಿನ ಮೂಲೆಗೆ ಪ್ರೂಟ್ ಫಲಕ ಹಿಡಿದು ಹೋದಳು. ಅಧ್ಯಕ್ಷತೆ ವಹಿಸಿದ್ದ ಬ್ಯಾಂಡ್ ಮೇಷ್ಟ್ರು ಒಬ್ಬೊಬ್ಬರ ಪರವಾಗಿಯೂ ಒಂದು ನಿಮಿಷ ಮಾತಾಡಲು ಕರೆದರು. ಮರ್ವ್ ಜೋಕು ಹೇಳಿದ. ಸೆನೆಟರ್ ಪರವಾಗಿ ವಕೀಲನೊಬ್ಬ ಓದಿದ. ನಂತರ ಆರ್ಲಿಸ್. ಕೈಯಲ್ಲಿ ಕಾಗದವಿರಲಿಲ್ಲ. ದನಿ ಮೊದಲು ಕಟ್ಟಿತು, ಆಮೇಲೆ ಬಿಟ್ಟಿತು. ಕೊನೆಯ ಭಾಗವನ್ನು ಬೇಗ ಬೇಗ ಹೇಳಿಬಿಟ್ಟಳು. ಕೈ ನಡುಗುತ್ತಿತ್ತು, ಆದರೆ ಹಿಂದಿನ ಸಾಲಿನವರೆಗೂ ಕೇಳಿಸಿತು. ಸಮಯ ಮೀರಲಿಲ್ಲ. ಅವಳು ಇಷ್ಟು ಮಾಡಿಯಾಳೆಂದು ನಾನು ಎಣಿಸಿರಲಿಲ್ಲ.

"ಸರಿ, ನಿಮ್ಮ ನಿಮ್ಮ ಮೂಲೆಗೆ ಹೋಗಿ," ಎಂದರು ಮೇಷ್ಟ್ರು.

ನಾನು ಗವರ್ನರ್ ಮೂಲೆಗೆ ನಡೆದೆ. ಅದು ಬೆಂಚುಗಳ ಪಕ್ಕದಲ್ಲಿತ್ತು. ಅರ್ಧ ಊರು ಅಲ್ಲೇ ಇತ್ತು, ನಿಲ್ಲಲು ಜಾಗವಿರಲಿಲ್ಲ. ತಿರುಗಿ ನೋಡಿದಾಗ ಆರ್ಲಿಸ್ ತನ್ನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದಳು. ನನ್ನನ್ನು ನೋಡಿದಳು. ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ.

ಎಣಿಕೆ. ಗವರ್ನರ್ ಮೂವತ್ತೊಂಬತ್ತು. ಸೆನೆಟರ್ ಇಪ್ಪತ್ತೆಂಟು. ಪ್ರೂಟ್ ಹನ್ನೊಂದು. ಬೇಕಾದದ್ದು ಹನ್ನೆರಡು.

"ಪ್ರೂಟ್ ಕಡೆಯವ್ರಿಗೆ ಒಬ್ರು ಕಮ್ಮಿ," ಎಂದರು ಮೇಷ್ಟ್ರು. "ಈಗ ಯಾರು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಗಡಿಯಾರದ ದೊಡ್ಡ ಮುಳ್ಳು ಆರರ ಮೇಲೆ ಬಂದಾಗ ಮತ್ತೆ ಎಣಿಸ್ತೀನಿ."

ಮರ್ವ್ ನನ್ನ ಬೆನ್ನಿಗೆ ಬೆರಳಿಂದ ತಿವಿದ. "ಹೋಗಯ್ಯಾ."

"ಎಲ್ಲಿಗೆ?"

"ಎಲ್ಲಿಗಂತೆ! ನಿನ್ ಹೆಂಡ್ತಿ ಹತ್ರ. ನಮ್ಮಲ್ಲಿ ಜನ ಮಿಕ್ಕಿ ಬಿದ್ದಿದಾರೆ. ನೀನೊಬ್ಬ ಹೋದ್ರೆ ಗವರ್ನರ್ ಅಳ್ತಾ ಕೂರಲ್ಲ."

"ಮಾತು ಕೊಟ್ಟಿದೀನಿ, ಮರ್ವ್."

"ಯಾರಿಗೆ?"

ನಾನು ಹೇಳಿದೆ. ಅವನು ನನ್ನನ್ನೇ ನೋಡಿ, "ನಿನ್ನಂಥ ಕತ್ತೆ ಇನ್ನೊಂದಿಲ್ಲ ಮಾರಾಯಾ," ಎಂದ. ಸಿಟ್ಟಿನಿಂದಲ್ಲ.

ಆ ಮೂಲೆಯಲ್ಲಿ ಪಾದ್ರಿ ಸೆನೆಟರ್ ಕಡೆಯವರನ್ನು ಬೇಡಿಕೊಳ್ಳುತ್ತಿದ್ದರು. ಅಕ್ಕತಂಗಿಯರು ನನ್ನ ಕಡೆ ನೋಡುತ್ತಿದ್ದರು. ಒಬ್ಬಳು ಕೈಸನ್ನೆ ಕೂಡ ಮಾಡಿದಳು. ಇಡೀ ಜಿಮ್ ನೋಡುತ್ತಿತ್ತು ಅನ್ನಿಸಿತು. ನೋಡುತ್ತಿರುವಾಗ ಕಾಲೆತ್ತುವುದು ಹೇಗೆ? ಆರ್ಲಿಸ್ ಮಾತ್ರ ನೋಡಲಿಲ್ಲ. ಅವಳು ಕೇಳಿದ್ದರೆ, ಒಂದು ಸಲ ಹೆಸರು ಹಿಡಿದು ಕೂಗಿದ್ದರೆ, ಹೋಗುತ್ತಿದ್ದೆನೋ ಏನೋ. ಅವಳು ಫಲಕವನ್ನು ಗೋಡೆಗೆ ಒರಗಿಸಿ ನೆಲದ ಬಿಳಿ ಗೆರೆಯನ್ನು ನೋಡುತ್ತಿದ್ದಳು.

ಮುಳ್ಳು ಆರರ ಮೇಲೆ ಬಂತು. ಹನ್ನೊಂದೇ.

ಮೂಲೆ ಮುರಿದ ಮೇಲೆ ಆ ಜನರನ್ನು ಕರೆದುಕೊಳ್ಳಲು ಉಳಿದ ಪಡೆಯವರು ತಿಂಡಿ ಹಿಡಿದು ಹೋಗುವುದು ನಮ್ಮ ಪದ್ಧತಿ. ಯಾರೋ ನನ್ನ ಕೈಗೆ ಬ್ರೌನಿಯ ತಟ್ಟೆ ಕೊಟ್ಟು, "ಆರ್ಲಿಸ್‌ನ ನೀನೇ ಕರ್ಕೊಂಡ್ ಬಾ," ಎಂದರು. ಆಗ ನನ್ನ ಕಾಲು ಎದ್ದಿತು. ಅದನ್ನೂ ಬರೆಯಬೇಕು. ಜಿಮ್ಮನ್ನು ದಾಟಿ, ಆ ತಟ್ಟೆ ಹಿಡಿದು ಹೋದೆ.

ಅವಳು ಬೆಂಚಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು.

"ನಮ್ ಕಡೆ ಬಾ, ಆರ್ಲಿಸ್," ಎಂದೆ.

ತಲೆ ಎತ್ತಿದಳು. ತಟ್ಟೆಯನ್ನು ನೋಡಿ, ನನ್ನನ್ನು ನೋಡಿ, "ಯಾರಾದ್ರೂ ಬರ್ಲಿ ಲೊವೆಲ್, ನೀನು ಬರ್ಬಾರ್ದಿತ್ತು," ಎಂದಳು.

ಅವಳು ಯಾವ ಮೂಲೆಗೂ ಹೋಗಲಿಲ್ಲ. ತನ್ನ ಕೋಟನ್ನು ತಾನೇ ತೆಗೆದುಕೊಂಡಳು.

ಫೆಬ್ರವರಿ ೯, ಮಂಗಳವಾರ

ಒಡೆದ ನೀಲಿ ಲೋಟ. ಬೇರೆ ಲೋಟ ಸಾಲದೆ ಅಲ್ಲ. ಕಪಾಟಿನಲ್ಲಿ ಇನ್ನೂ ಎಷ್ಟೋ ಇವೆ.

ಫೆಬ್ರವರಿ ೧೧, ಗುರುವಾರ

ಪ್ರೂಟ್ ಸ್ಪರ್ಧೆಯಿಂದ ಹಿಂದೆ ಸರಿದರು. ನಮ್ಮ ಜಿಮ್ ಒಂದರಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ರೇಡಿಯೊ ಕೇಳಿದವರೆಲ್ಲರಿಗೂ ಗೊತ್ತು. ಹಾಗೆಂದು ಆರ್ಲಿಸ್‌ಗೆ ಹೇಳಲು ಹೊರಟವನು ಅರ್ಧಕ್ಕೇ ನಿಲ್ಲಿಸಿದೆ.

ಸಂಜೆ ಪ್ರೂಟ್ ಅವರೇ ಅವಳಿಗೆ ಫೋನ್ ಮಾಡಿದರು. ನಾನು ಹಜಾರದಲ್ಲಿದ್ದೆ. ಅವರು ಏನು ಕೇಳಿದರೋ, ಇವಳು ಬಹಳ ಹೊತ್ತು ಹೇಳುತ್ತಿದ್ದಳು. ಟಿ.ವಿ.ಯ ಸದ್ದು ಪೂರ್ತಿ ನಿಲ್ಲಿಸಿದರೂ ಮಾತು ಸ್ಪಷ್ಟವಾಗಿ ಕೇಳಿಸಲಿಲ್ಲ. ಕರವಸ್ತ್ರ ಅಂಚೆಗೆ ಹಾಕುತ್ತೇನೆ ಎಂದದ್ದು ಮಾತ್ರ ಕೇಳಿಸಿತು.

ಫೆಬ್ರವರಿ ೧೯, ಶುಕ್ರವಾರ

ಗವರ್ನರ್ ಕೂಡ ಸ್ಪರ್ಧೆ ಬಿಟ್ಟರು. ನಮ್ಮ ನಂತರ ಮತ ಹಾಕುವ ರಾಜ್ಯವಾದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮೂರನೆಯ ಸ್ಥಾನವೂ ಸಿಗಲಿಲ್ಲ. ಮರ್ವ್ ಬಿಲ್ಲೆ ತೆಗೆದು ಕೆಫೆಯ ಬೂದಿಬಟ್ಟಲಿಗೆ ಹಾಕಿದ.

"ಒಳ್ಳೆ ಮನುಷ್ಯ," ಎಂದೆ ನಾನು. "ನನ್ನ ಮೊಣಕಾಲು ನೆನಪಿಟ್ಕೊಂಡಿದ್ದ."

"ನನ್ನದನ್ನೂ ಕೇಳಿದ್ದ."

"ನಿನಗೆ ಮೊಣಕಾಲು ನೋವಿಲ್ವಲ್ಲ."

"ಇಲ್ಲ. ಆದ್ರೂ ಕೇಳ್ದ. ಈ ಕೌಂಟೀಲಿ ಅರವತ್ತು ದಾಟಿದವ್ರನ್ನ ಮೊಣಕಾಲು ಹೇಗಿದೆ ಅಂದ್ರೆ ಗುರಿ ತಪ್ಪೋದೇ ಅಪರೂಪ. ನನ್ನೊಬ್ಬನ ವಿಷಯದಲ್ಲಿ ತಪ್ತು, ಪಾಪ."

ಮೇಜಿನವರು ನಕ್ಕರು. ನಾನೂ ನಕ್ಕೆ.

ಮಾರ್ಚ್ ೨೩, ಬುಧವಾರ

ಮನೆಯಲ್ಲಿ ಎಲ್ಲ ಎಂದಿನಂತೆ. ಊಟ, ಸುದ್ದಿ, ಹಾಸಿಗೆ. ಆರ್ಲಿಸ್ ಬಿರುಸಾಗಿ ಮಾತಾಡುವುದಿಲ್ಲ, ಮೊದಲೂ ಆಡುತ್ತಿರಲಿಲ್ಲ. ಏನು ಬದಲಾಗಿದೆ ಎಂದು ಯಾರಾದರೂ ಕೇಳಿದರೆ ತೋರಿಸಲಾರೆ. ಇವತ್ತು ಆಲೂಗಡ್ಡೆ ಬೇಕೇ ಎಂದು ಕೇಳಿದಳು. ಹಿಂದೆ ಕೇಳದೆಯೇ ಬಡಿಸುತ್ತಿದ್ದಳು.

ಜೂನ್ ೨, ಗುರುವಾರ

ಎದುರುಮನೆಯ ಅಕ್ಕತಂಗಿಯರೂ ಪಾದ್ರಿಯೂ ಬಂದು ಆರ್ಲಿಸ್‌ಗೆ ಕೌಂಟಿ ಆಸ್ಪತ್ರೆಯ ಆಡಳಿತ ಮಂಡಳಿಯ ಚುನಾವಣೆಗೆ ನಿಲ್ಲು ಎಂದರು. ಆಸ್ಪತ್ರೆಯ ಕೆಲಸ ಬಿಡಬೇಕಾಗುತ್ತದೆ ಎಂದಳು. ಯೋಚಿಸುತ್ತೇನೆ ಎಂದಳು. ಯಾರೂ ನನ್ನ ಕಡೆ ತಿರುಗಿ ಕೇಳಲಿಲ್ಲ. ನನಗೆ ಹೇಳಲು ಒಂದು ಮಾತಿತ್ತು. ಅವರು ಹೋದ ಮೇಲೆ ಹೇಳಿದೆ.

"ನಿಂತ್ಕೋ."

"ನಿಲ್ತೀನಿ ಅಂತ ಆಗ್ಲೇ ಅಂದ್ಕೊಂಡಿದೀನಿ," ಎಂದಳು.

ಸೆಪ್ಟೆಂಬರ್ ೨೨, ಗುರುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಆರ್ಲಿಸ್‌ಳ ಸಭೆ. ಹೋಗುವೆನೆಂದು ಅವಳಿಗೆ ಹೇಳಿರಲಿಲ್ಲ. ಹಿಂದೆ, ಕೋಟುಗಳ ಪಕ್ಕದಲ್ಲಿ ನಿಂತೆ.

ಹೋದ ಚಳಿಗಾಲದಲ್ಲಿ, ವಾರ್ಡು ಮುಚ್ಚಿದ ಮೇಲೆ, ಹೆರಿಗೆಗೆ ದೂರದ ಊರಿಗೆ ಹೊರಟ ಹುಡುಗಿಯೊಬ್ಬಳ ಕತೆ ಹೇಳಿದಳು. ಹಿಮಗಾಳಿ, ಹೆದ್ದಾರಿಯ ಬದಿಯಲ್ಲಿ ನಿಂತುಹೋದ ಆಂಬುಲೆನ್ಸ್, ಹಿಂದುಗಡೆ ಆರ್ಲಿಸ್ ಮತ್ತು ಆ ಹುಡುಗಿ. ಮಗು ಹುಟ್ಟಿತು. ಅಳಲಿಲ್ಲ. ಅದನ್ನು ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು ಬೆಳಗಾಗುವವರೆಗೆ ಕೂತಿದ್ದೆ ಎಂದಳು. ಯಾಕೆಂದರೆ ತಾಯಿ ಕೊಡಬೇಡಿ ಯಾರಿಗೂ ಎಂದಿದ್ದಳು.

ಆ ದಿನ ನನಗೆ ನೆನಪಿದೆ. ಬೆಳಿಗ್ಗೆ ಮನೆಗೆ ಬಂದು, ದಾರಿ ಕೆಟ್ಟಿತ್ತು ಎಂದಿದ್ದಳು. ಸ್ವೆಟರನ್ನು ತಣ್ಣೀರಲ್ಲಿ ನೆನೆಸಿದ್ದಳು. ನಾನು ಟೈರಿನ ಬಗ್ಗೆ ಕೇಳಿದ್ದೆ.

ಹೊರಗೆ ಬರುವಾಗ ಗ್ರಂಥಾಲಯದವಳು ಕಣ್ಣೊರೆಸಿಕೊಳ್ಳುತ್ತ, "ಎರಡ್ನೇ ಸಲ ಕೇಳಿದ್ರೂ ಹಂಗೇ ಆಗತ್ತೆ ನೋಡಿ," ಎಂದಳು.

"ಮೊದಲ್ನೇ ಸಲ ಎಲ್ಲಿ?"

"ಅದೇ, ಫೆಬ್ರವರೀಲಿ. ಜಿಮ್ಮಲ್ಲಿ. ನೀವೂ ಇದ್ರಲ್ಲ?"

ಕೈ ನಡುಗಿದ್ದು, ದನಿ ಕಟ್ಟಿದ್ದು, ಸಮಯ ಮೀರದ್ದು, ಅಷ್ಟನ್ನೂ ಹಿಂದಿನ ಪುಟಗಳಲ್ಲಿ ಬರೆದಿದ್ದೇನೆ. ತೆರೆದು ನೋಡಿದೆ. ಇನ್ನೇನೂ ಇಲ್ಲ.

ನವೆಂಬರ್ ೮, ಮಂಗಳವಾರ

ಅದೇ ಜಿಮ್. ಈ ಸಲ ಮೂಲೆಗಳಿಲ್ಲ. ಪರದೆ ಕಟ್ಟಿದ ಗೂಡುಗಳು. ಒಬ್ಬೊಬ್ಬರೇ ಒಳಗೆ ಹೋಗಿ ಬರುವುದು. ಅಧ್ಯಕ್ಷ ಪದವಿಯ ಕಾಲಂ ಅನ್ನು ಬೇಗ ಮುಗಿಸಿದೆ. ಕೆಳಗೆ ಆಸ್ಪತ್ರೆಯ ಆಡಳಿತ ಮಂಡಳಿ. ಆರ್ಲಿಸ್ ಟ್ವೇಟ್. ಅಚ್ಚಾದ ಅವಳ ಹೆಸರನ್ನು ಎರಡು ಸಲ ಓದಿದೆ. ಗುರುತು ಹಾಕಿದೆ. ಪರದೆ ಸರಿಸಿ ಹೊರಗೆ ಬಂದಾಗ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಬುಟ್ಟಿಯ ಕೆಳಗಿನ ಮೂಲೆ ಖಾಲಿಯಿತ್ತು. ಹೊರಡುವ ಮುನ್ನ ಅಲ್ಲಿಗೆ ಹೋಗಿ ನಿಂತೆ. ಚುನಾವಣೆಯ ಕೆಲಸಕ್ಕಿದ್ದ ಹೆಂಗಸು, "ಬಾಗಿಲು ಈ ಕಡೆ, ಲೊವೆಲ್," ಎಂದಳು.

ಆರ್ಲಿಸ್ ಗೆದ್ದಳು, ಭಾರಿ ಅಂತರದಿಂದ. ನನ್ನ ಮತ ಬೇಕಿರಲಿಲ್ಲ. ಮನೆ ತುಂಬ ಜನ ಬಂದು ಹೋದರು. ಮರ್ವ್ ಅವಳ ಕೈಕುಲುಕಿ, "ಮೊಣಕಾಲು ಹೇಗಿದೆ, ಆರ್ಲಿಸ್?" ಎಂದ. ಅವಳು ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು.

ಎಲ್ಲರೂ ಹೋದ ಮೇಲೆ ಅವಳು ಲೋಟ ತೊಳೆಯುತ್ತಿದ್ದಳು. ನಾನು ಬಟ್ಟೆ ತೆಗೆದುಕೊಂಡು ಒರೆಸಲು ನಿಂತೆ.

"ನಾನು ನಿನಗೇ ಹಾಕ್ದೆ," ಎಂದೆ.

"ಗೊತ್ತು."

ನೀರು ಬಿಟ್ಟಳು, ನಿಲ್ಲಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು:

"ಅಲ್ಲಿ ಪರದೆ ಇರತ್ತಲ್ಲ, ಲೊವೆಲ್."

ಅಂಚು ಒಡೆದ ನೀಲಿ ಲೋಟವನ್ನು ತೊಳೆದು ನನ್ನ ಕೈಗೆ ಕೊಟ್ಟಳು. ಒರೆಸಿ, ಕಪಾಟಿನಲ್ಲಿ ಉಳಿದವುಗಳ ಪಕ್ಕದಲ್ಲಿ ಇಟ್ಟೆ.